ಕೈಗೂಸಿನೊಡನೆ ಹಳ್ಳಿಗಾಡಿನ ಹೋಟೆಲಿನಲ್ಲಿ

ಪ್ರವಾಸವೆಂಬುದು ವಿಶ್ರಾಂತಿಗಾಗಿ ಎಂದು ಎಲ್ಲರೂ ಹೇಳುವರು. ಕೈಗೂಸಿರುವ ಮನೆಯವರು ಮಾತ್ರ ಈ ಮಾತನ್ನು ಅಷ್ಟು ಸುಲಭವಾಗಿ ಒಪ್ಪಲಾರರು. ಮನೆಯಲ್ಲಿದ್ದರೆ ತೊಟ್ಟಿಲು ತನ್ನ ಜಾಗದಲ್ಲಿರುತ್ತದೆ. ಮಗುವಿನ ಬಟ್ಟೆ ಒಣಗುವ ಹಗ್ಗ ಬಿಸಿಲಿರುವ ಕಡೆಯೇ ಇರುತ್ತದೆ. ನಡುರಾತ್ರಿ ಕೂಸು ಅತ್ತರೆ ದೀಪದ ಗುಂಡಿ ಯಾವ ಗೋಡೆಯಲ್ಲಿದೆಯೆಂಬುದು ಕತ್ತಲಲ್ಲಿಯೂ ಕೈಗೆ ತಿಳಿದಿರುತ್ತದೆ. ಹೊಸಲು ದಾಟಿದೊಡನೆ ಇವೆಲ್ಲವನ್ನೂ ಹೊಸದಾಗಿ ಹವಣಿಸಿಕೊಳ್ಳಬೇಕು. ಹೀಗಿದ್ದರೂ ಬೆಂಗಳೂರಿನ ಸುತ್ತಣ ಹಳ್ಳಿಗಾಡಿನಲ್ಲಿ ಎದ್ದಿರುವ ವೈಭವದ ಹೋಟೆಲುಗಳಿಗೆ ಎಳೆಯ ಮಕ್ಕಳನ್ನು ಎತ್ತಿಕೊಂಡು ಹೋಗಿಬರುವ ಪದ್ಧತಿ ಈಚೆಗೆ ಬೆಳೆದಿದೆ. ಅಂಥ ಒಂದೆಡೆಯಲ್ಲಿ ಮೂರು ದಿನ ಇದ್ದು ಬಂದ ನಾವು, ಅಲ್ಲಿ ಕಂಡುದನ್ನು ವಾಚಕರಿಗೆ, ವಿಶೇಷವಾಗಿ ಎಳೆಯ ತಾಯಂದಿರಿಗೂ ಅವರ ಹಿರಿಯರಿಗೂ, ಉಪಯೋಗವಾದೀತೆಂದು ಬರೆದಿದ್ದೇವೆ.

ನಮ್ಮ ಮಗಳೂ ಅಳಿಯಂದಿರೂ ನಗರದ ಮೂಡಲ ಅಂಚಿನ ವೈಟ್‌ಫೀಲ್ಡಿನಲ್ಲಿ ಸಂಸಾರ ಹೂಡಿರುವರು. ಆ ಊರಿನ ಕಥೆ ಈ ಪ್ರವಾಸಕ್ಕೆ ಪೀಠಿಕೆಯಂತಿರುವುದರಿಂದ ಅದರ ವಿಚಾರ ನಾಲ್ಕು ಮಾತು ಹೇಳಬೇಕು. 1882ರಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರವರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘದವರಿಗೆ ಅಲ್ಲಿ ಸುಮಾರು 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ಸಂಘದ ಮುಂದಾಳು ಡಿ. ಎಸ್. ವೈಟ್ ಎಂಬವರ ಹೆಸರೇ ಊರಿಗೆ ನಿಂತಿತು. ದುಂಡಾಗಿ ಹಾಕಿದ ಬೀದಿಯ ಸುತ್ತ ತೋಟದ ಮನೆಗಳು ಎದ್ದವು. ಇನ್ನರ್ ಸರ್ಕಲ್ ಎಂಬ ಹೆಸರು ಇಂದಿಗೂ ಉಳಿದಿದೆ. ಅಲ್ಲಿ ವೇವರ್ಲಿ ಇನ್ ಎಂಬ ಅತಿಥಿಗೃಹವೂ ಇದ್ದಿತು. 1896ರಲ್ಲಿ ಸೈನ್ಯದೊಡನೆ ಬೆಂಗಳೂರಿಗೆ ಬಂದ ತರುಣ ವಿನ್‌ಸ್ಟನ್ ಚರ್ಚಿಲ್ ಆ ಅತಿಥಿಗೃಹಕ್ಕೆ ಬಂದುಹೋಗುತ್ತಿದ್ದನೆಂಬ ಕಥೆಯನ್ನು ಊರಿನವರು ಹೇಳುವುದುಂಟು. ದಂಡಿನ ಪ್ರದೇಶದವರು ಹವೆಯ ಬದಲಾವಣೆ ಬೇಕೆಂದಾಗ ಇಂಥ ಹಳ್ಳಿಗಾಡನ್ನೇ ಅರಸಿ ಬರುತ್ತಿದ್ದ ಕಾಲವದು.

1990ರ ದಶಕದಲ್ಲಿ ಗಣಕಯಂತ್ರದ ಕೆಲಸದ ಮಹಾಸೌಧಗಳು ಅಲ್ಲಿ ತಲೆಯೆತ್ತಿದವು. 2023ರ ಮಾರ್ಚ್ 25ರಂದು ಮೆಟ್ರೋ ರೈಲೂ ಕಾಡುಗೋಡಿಯವರೆಗೆ ಬಂದಿತು. ಈಗ ವೈಟ್‌ಫೀಲ್ಡಿನವರೇ ಹಸಿರು ಕಾಣಬೇಕೆಂದರೆ ಹೊಸಕೋಟೆ ಮಾಲೂರುಗಳ ಕಡೆಗೆ ಹೋಗುವರು. ಎಲೆಕ್ಟ್ರಾನಿಕ್ ಸಿಟಿಯವರು ಆನೇಕಲ್ಲಿನ ಕಡೆಗೂ, ಪೀಣ್ಯದವರು ನೆಲಮಂಗಲ ಹೆಸರಘಟ್ಟಗಳ ಕಡೆಗೂ ಹೊರಡುವರು. ಹಳ್ಳಿಗಾಡೆಂಬುದು ಒಂದೊಂದು ತಲೆಮಾರಿಗೂ ಹತ್ತಾರು ಮೈಲಿ ಆಚೆಗೆ ಸರಿಯುತ್ತಲಿದೆ.

ನಮ್ಮ ಪ್ರಯಾಣದ ನಿಮಿತ್ತವನ್ನು ಹೇಳುವೆವು. ಮೊಮ್ಮಗಳಿಗೆ ಆರು ತಿಂಗಳು ತುಂಬಿ ವಾರವಾಗಿತ್ತು. ದುಡಿಯುವ ತಾಯಂದಿರಿಗೆ 1961ರ ಕಾಯಿದೆಯಂತೆ ಮೊದಲು 12 ವಾರಗಳ ರಜೆ ಇದ್ದಿತು. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ಅದು 26 ವಾರಗಳಾಯಿತು. ಮಗಳ ರಜೆ ತೀರುತ್ತಿತ್ತು. ಬರುವ ಸೋಮವಾರ ಅವಳು ಕಚೇರಿಗೆ ಹೋಗಲೇಬೇಕು. ಕಚೇರಿಯ ಶಿಶುಪಾಲನಾಗೃಹದಲ್ಲಿ ಮಗುವಿಗೆ ಸ್ಥಳವೇನೋ ದೊರೆತಿತ್ತು. ಆದರೆ ಕೂಸು ತಾಯಿಯ ಎದೆಹಾಲಿನ ಹೊರತು ಮತ್ತೊಂದನ್ನು ಬಾಯಿಗೆ ಮುಟ್ಟಿಸಿಕೊಳ್ಳದು. ಹಿಂಡಿಟ್ಟ ಹಾಲನ್ನು ಒಳಲೆಯಲ್ಲಿ ಕೊಟ್ಟರೆ ಉಗುಳುವುದು. ಅನ್ನದ ಗಂಜಿಯನ್ನು ಕಂಡರೆ ಮುಖ ತಿರುಗಿಸುವುದು. ನಾವು ಇಬ್ಬರೂ ಪ್ರಯತ್ನಿಸಿ ಸೋತೆವು. ಮಗಳು ಬಾಯಿಬಿಟ್ಟು ಹೇಳದಿದ್ದರೂ ಕೆಲಸವನ್ನೇ ಬಿಟ್ಟುಬಿಡುವ ಯೋಚನೆ ಅವಳ ಮನಸ್ಸಿನಲ್ಲಿ ಸುಳಿಯುತ್ತಿದ್ದುದು ನಮಗೆ ತಿಳಿಯದೆ ಹೋಗಲಿಲ್ಲ. ಎಂಟು ವರ್ಷ ಕಷ್ಟಪಟ್ಟು ಸಂಪಾದಿಸಿದ ಸ್ಥಾನವದು. ಅವಳ ಮುಖ ಬಾಡಿದುದನ್ನು ಕಂಡು ಅಳಿಯಂದಿರು, “ಮೂರು ದಿನ ಎಲ್ಲಿಯಾದರೂ ಹೋಗಿ ಬರೋಣ, ಅತ್ತೆ ಮಾವನವರೂ ಬರಲಿ” ಎಂದು ಏರ್ಪಾಡು ಮಾಡಿದರು.

ಕಾಡುಗೋಡಿಯನ್ನು ಹಿಂದಿಕ್ಕಿ ಹೊಸಕೋಟೆಯನ್ನು ಸೇರಿದೆವು. ನಂದಿಯ ಬೆಟ್ಟಸಾಲಿನಿಂದ ಇಳಿದು ಬರುವ ದಕ್ಷಿಣ ಪಿನಾಕಿನಿಯ ಹರಹಿನಲ್ಲಿರುವ ಆ ಊರಿನ ಹಿರಿಯ ಕೆರೆ ಪ್ರಸಿದ್ಧವಾದುದು. ಚೆನ್ನೈಗೆ ಹೋಗುವ ಹೊಸ ವೇಗದ ಹೆದ್ದಾರಿಯೂ ಆ ಊರಿನ ಬಳಿಯೇ ಮೊದಲಾಗುವುದು. ಅಲ್ಲಿಂದ ಮಾಲೂರಿನ ದಿಕ್ಕಿಗೆ ತಿರುಗಿದ ಮೇಲೆ ರಾಗಿಯ ಹೊಲ, ನೀಲಗಿರಿಯ ತೋಪು, ಹಿಪ್ಪುನೇರಿಳೆಯ ಸಾಲು, ಹೂವಿನ ಬೆಳೆಗೆ ಹೊದಿಸಿದ ಬಿಳಿಯ ಮಾಡುಗಳು ಕಣ್ಣಿಗೆ ಬಿದ್ದವು. ಹೆಂಚು ಇಟ್ಟಿಗೆಗಳಿಗೆ ಮಾಲೂರು ಹೆಸರಾದ ಊರು. ನಡುನಡುವೆ ಹೊಲಗಳಲ್ಲಿ ಬಣ್ಣ ಬಳಿದ ಚಿಕ್ಕ ಕಲ್ಲುಗಳು ಸಾಲಾಗಿ ನಿಂತಿದ್ದವು. ಮನೆಯ ನಿವೇಶನಗಳೆಂದು ಗುರುತು ಮಾಡಿದ ಕಲ್ಲುಗಳು ಅವು.

ಹೋಟೆಲಿನ ಸೊಬಗನ್ನು ಅಲ್ಲಗಳೆಯಲಾಗದು. ಮಂಗಳೂರು ಹೆಂಚಿನ ಮಾಡು, ಕಲ್ಲುಕಂಬದ ಮೊಗಸಾಲೆ, ತಾವರೆಯ ಕೊಳ, ಈಜುವ ಕೊಳ, ಒಂದಕ್ಕೊಂದು ದೂರವಾಗಿ ಮರಗಳ ಮರೆಯಲ್ಲಿ ಕಟ್ಟಿದ ಬಿಡಿಮನೆಗಳು. ಒಂದು ರಾತ್ರಿಯ ಬಾಡಿಗೆ, ನಾವು ಸಂಸಾರ ಹೂಡಿದ ಕಾಲದಲ್ಲಿ ಒಂದು ವರ್ಷಕ್ಕೆ ತೆತ್ತ ಮನೆಬಾಡಿಗೆಗಿಂತ ಅಧಿಕವೆಂದು ತಿಳಿದಾಗ ನಮ್ಮ ಯಜಮಾನರು ಕುರ್ಚಿಯಲ್ಲಿ ಮೆಲ್ಲನೆ ಕುಳಿತುಕೊಂಡರು. ಹಳ್ಳಿಯ ನೆನಪಿಗೆಂದು ಮೊಗಸಾಲೆಯಲ್ಲಿ ಒರಳುಕಲ್ಲು, ಬೀಸುವ ಕಲ್ಲುಗಳಲ್ಲಿ ಹೂವು ತುಂಬಿ ಇಟ್ಟಿದ್ದರು. ಹಿತ್ತಾಳೆಯ ಸರಪಣಿಯ ತೇಗದ ತೊಟ್ಟಿಲೊಂದು ತೂಗುತ್ತಿತ್ತು. ಕೂಸನ್ನು ಅದರಲ್ಲಿ ಮಲಗಿಸಬಹುದೇ ಎಂದು ಕೇಳಿದರೆ, ಅದು ಅಲಂಕಾರಕ್ಕೆಂದು ವಿನಯದಿಂದ ತಿಳಿಸಿದರು.

ಕೋಣೆಯೊಳಗಿನ ಸುಖಸಾಧನಗಳೆಲ್ಲ ದೊಡ್ಡವರ ಅಳತೆಗೆ ಮಾಡಿದವು. ಮಂಚ ಎತ್ತರ, ಅದಕ್ಕೆ ಅಡ್ಡಪಟ್ಟಿಯಿಲ್ಲ. ಮಗುಚಿಕೊಳ್ಳಲು ಕಲಿತ ಕೂಸನ್ನು ಅದರ ಮೇಲೆ ಬಿಟ್ಟು ಕಣ್ಣು ಮುಚ್ಚುವಂತಿಲ್ಲ. ನೆಲ ನುಣುಪಾದ ಕಲ್ಲಿನದು, ಕಾಲಿಗೆ ತಣ್ಣಗೆ ಕೊರೆಯುವಂಥದು. ಸ್ನಾನದ ಮನೆಯಲ್ಲಿ ಗಾಜಿನ ಮರೆಯೂ ಮೇಲಿನಿಂದ ಮಳೆಯಂತೆ ಸುರಿಯುವ ನೀರೂ ಇದ್ದವೇ ಹೊರತು ಕಾಲು ನೀಡಿ ಕೂತು ಮಗುವಿಗೆ ಎಣ್ಣೆನೀರು ಹಾಕಲು ಒಂದು ಮಣೆಯಿರಲಿಲ್ಲ. ಮುಂಚಿತವಾಗಿ ಹೇಳಿದ್ದ ಮಕ್ಕಳ ಮಂಚ ಸಂಜೆ ತಡವಾಗಿ ಬಂದಿತು. ನಮ್ಮ ಕಡೆಯ ಹುಲ್ಲುಹಾಸಿನಲ್ಲಿ ಆ ರಾತ್ರಿ ಯಾವುದೋ ಮದುವೆಯ ಔತಣ. ಹನ್ನೊಂದರವರೆಗೂ ವಾದ್ಯ ನಿಲ್ಲಲಿಲ್ಲ, ಕೂಸೂ ಮಲಗಲಿಲ್ಲ. ಬೆಳಗ್ಗೆ ಕೇಳಿಕೊಂಡ ಮೇಲೆ ಹಿಂದಣ ಸಾಲಿನ ಸಣ್ಣ ಮನೆಯೊಂದಕ್ಕೆ ನಮ್ಮನ್ನು ಸಾಗಿಸಿದರು. ಕೊಳದ ನೋಟ ಅಲ್ಲಿಗಿಲ್ಲ. ಅಡಿಗೆಮನೆಯ ಹಿತ್ತಿಲೂ ಕೆಲಸಗಾರರು ಓಡಾಡುವ ದಾರಿಯೂ ಎದುರಿಗಿದ್ದವು. ಆ ಬದಲಾವಣೆಯಿಂದ ನಮಗೆ ಒಳ್ಳೆಯದೇ ಆಯಿತು.

ಊಟದ ಪಟ್ಟಿಯಲ್ಲಿ ಹಲವು ದೇಶಗಳ ಭಕ್ಷ್ಯಗಳಿದ್ದವು, ರಾಗಿಯ ಹೆಸರಿರಲಿಲ್ಲ. ಗೋಡೆಯ ಆಚೆ ಕೂಗಳತೆಯಲ್ಲಿ ರಾಗಿಯ ಹೊಲ ತೆನೆ ಬಿಟ್ಟು ನಿಂತಿತ್ತು. ಮಗಳು ಆ ಬೆಳಗ್ಗೆಯೂ ಗಂಜಿಯ ಬಟ್ಟಲು ಹಿಡಿದು ಹೋರಾಡುತ್ತಿದ್ದಳು. ಕೋಣೆ ಗುಡಿಸಲು ಬಂದ ಹೆಂಗಸು, ಇಪ್ಪತ್ತೈದರ ಪ್ರಾಯದವಳು, ಪೊರಕೆ ಹಿಡಿದು ನಿಂತು ನೋಡಿದಳು.

“ಅಕ್ಕ, ಹಸಿವಿದ್ರೂ ಅದು ನಿಮ್ಮ ಕೈಲಿ ತಿನ್ನಲ್ಲ. ನಿಮ್ಮ ವಾಸನೆ ಬಂದ್ರೆ ಅದಕ್ಕೆ ಹಾಲೇ ಬೇಕು. ನೀವು ಸ್ವಲ್ಪ ಆಚೆ ಹೋಗಿ. ರಾಗಿ ಸರಿ ಕೊಟ್ಟಿದ್ದೀರಾ?”

“ಇಲ್ಲವಮ್ಮ, ತರಲಿಲ್ಲ” ಎಂದೆವು.

“ನಮ್ಮನೇಲಿ ಐತೆ ಅಮ್ಮ. ನನ್ನ ಮಗೀಗೆ ಮಾಡಿದ್ದು. ಮಧ್ಯಾಹ್ನ ತರ್ತೀನಿ.”

ರಾಗಿ ಸರಿಯನ್ನು ಅರಿಯದ ಗೃಹಿಣಿಯರು ಈ ಸೀಮೆಯಲ್ಲಿ ವಿರಳ. ಆದರೂ ಹೊಸಬರಿಗಾಗಿ ಹೇಳುವೆವು. ಕಲ್ಲು ಕಸ ತೆಗೆದು ತೊಳೆದ ರಾಗಿಯನ್ನು ರಾತ್ರಿಯೆಲ್ಲ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಆರಿಸಿ, ಹದವಾಗಿ ಹುರಿದು, ಬೀಸಿ, ತೆಳುವಾದ ಬಟ್ಟೆಯಲ್ಲಿ ಸೋಸತಕ್ಕದ್ದು. ಒಂದು ಚಮಚೆ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಬೇಯಿಸಿದರೆ ನಯವಾದ ಸರಿಯಾಗುವುದು. ಮೊಳಕೆಯಲ್ಲಿ ಹುಟ್ಟುವ ಸತ್ವ ಹಿಟ್ಟಿನ ಪಿಷ್ಟವನ್ನು ಒಡೆಯುವುದರಿಂದ ಸರಿ ಅಂಟಾಗದೆ ತೆಳುವಾಗಿಯೇ ಉಳಿಯುತ್ತದೆ. ಎಳೆಯ ಹೊಟ್ಟೆಗೆ ಸುಲಭ. ಮೂಳೆಗೆ ಬೇಕಾದ ಸುಣ್ಣದಂಶವಂತೂ ಅಕ್ಕಿಗಿಂತ ರಾಗಿಯಲ್ಲಿ ಎಷ್ಟೋ ಪಟ್ಟು ಹೆಚ್ಚು.

ಮಧ್ಯಾಹ್ನ ಅವಳು ಹೇಳಿದಂತೆ ಹಿಟ್ಟು ತಂದಳು. ಅಡಿಗೆಯವನು ನಗುತ್ತ ಒಲೆ ಬಿಟ್ಟುಕೊಟ್ಟನು. ಮಗಳು ಹಿತ್ತಿಲಿನ ಹೊಂಗೆಯ ಮರದ ಕೆಳಗೆ ಬೆನ್ನು ತಿರುಗಿಸಿ ನಿಂತಳು. ಆ ಹೆಂಗಸು ಕೈತೊಳೆದು ನೆಲದ ಮೇಲೆ ಕಾಲು ನೀಡಿ ಕೂತು, ಮಗುವನ್ನು ತೊಡೆಯ ಮೇಲೆ ಒರಗಿಸಿ, ಮೊದಲು ಬೆರಳ ತುದಿಯಿಂದ ತುಟಿಗೆ ತೋರಿಸಿದಳು. ಕೂಸು ಮುಖ ಕಿವಿಚಿತು, ಉಗುಳಿತು. ಅವಳು ಅವಸರಪಡಲಿಲ್ಲ. ಏನೋ ಮಾತಾಡುತ್ತಲೇ ಮತ್ತೆ ತೋರಿಸಿದಳು. ಐದನೆಯದೋ ಆರನೆಯದೋ ಸಲಕ್ಕೆ ಕೂಸು ನಾಲಗೆ ಚಪ್ಪರಿಸಿತು. ಒಟ್ಟು ನಾಲ್ಕು ಚಮಚೆ ಒಳಗೆ ಹೋಯಿತು. ಮರದ ಕೆಳಗಿದ್ದ ಮಗಳಿಗೆ ಕೈಸನ್ನೆ ಮಾಡಿದೆವು. ಅವಳು ಸೆರಗಿನಿಂದ ಕಣ್ಣೊರಸಿಕೊಂಡಳು. ಸಂತೋಷಕ್ಕೋ, ತಾನಿಲ್ಲದೆಯೂ ಕೂಸು ತಿಂದಿತೆಂಬ ಸಂಕಟಕ್ಕೋ, ನಾವು ಕೇಳಲಿಲ್ಲ. ಆ ಮಧ್ಯಾಹ್ನ ಅವಳು ಮೂರು ಗಂಟೆಯ ಕಾಲ ಒಂದೇ ಸಮನೆ ನಿದ್ರೆ ಮಾಡಿದಳು. ಆರು ತಿಂಗಳಲ್ಲಿ ಅಂಥ ನಿದ್ರೆ ಅವಳಿಗೆ ಬಂದಿರಲಿಲ್ಲ.

ಆಗ ಆ ಹೆಂಗಸಿನ ಕೂಸಿನ ಮಾತು ಬಂದಿತು. ಗಂಡುಮಗು, ಒಂದೂವರೆ ವರ್ಷ. ಗುತ್ತಿಗೆದಾರನ ಕಡೆಯಿಂದ ಕೆಲಸಕ್ಕೆ ಸೇರಿದವಳು; ಮಗುವಿಗೆ ನಾಲ್ಕು ತಿಂಗಳಾದಾಗಲೇ ದುಡಿಮೆಗೆ ಬಂದಳಂತೆ. ಮೊದಮೊದಲು ಎದೆ ಬಿಗಿದು ನೋಯುತ್ತಿದ್ದಾಗ ಬಚ್ಚಲಿಗೆ ಹೋಗಿ ಹಾಲನ್ನು ಹಿಂಡಿ ಚೆಲ್ಲಿ ಬರುತ್ತಿದ್ದುದನ್ನು ನೆಲ ಒರೆಸುತ್ತಲೇ ಹೇಳಿದಳು. 50 ಮಂದಿಗೆ ಕಡಮೆಯಿಲ್ಲದೆ ದುಡಿಯುವ ಕಡೆ ಶಿಶುಪಾಲನಾಗೃಹವಿರಬೇಕೆಂದೂ, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದೆಂದೂ 2017ರ ಆ ತಿದ್ದುಪಡಿಯಲ್ಲಿಯೇ ಬರೆದಿದೆ. ನಮ್ಮ ಮಗಳಿಗೆ ದೊರೆತ ಸ್ಥಳ ಆ ನಿಯಮದ ಫಲ. ಈ ಹೋಟೆಲಿನಲ್ಲಿ ಅತಿಥಿಗಳ ಮಕ್ಕಳಿಗೆ ಆಟದ ಮನೆಯಿದ್ದಿತು. ಕೆಲಸದವರ ಮಕ್ಕಳಿಗೆ ಅಂಥ ಕೋಣೆ ನಮ್ಮ ಕಣ್ಣಿಗೆ ಬೀಳಲಿಲ್ಲ. ಅವಳು ಕಾಯಿದೆಯ ಹೆಸರನ್ನೇ ಕೇಳಿದವಳಲ್ಲ.

ಮೂರನೆಯ ದಿನದ ಸಂಜೆ, ಮಗಳ ಅಪೇಕ್ಷೆಯಂತೆ, ಅವಳ ಜೊತೆಯಲ್ಲಿಯೇ ಊರಿಗೆ ನಡೆದುಹೋದೆವು. ಅರ್ಧ ಮೈಲಿಯ ದಾರಿ. ಅತ್ತೆಯಾದವಳು ಜಗುಲಿಯ ಮೇಲೆ ಮೊಮ್ಮಗನನ್ನು ಕೂರಿಸಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಮಗು ತಾಯಿಯನ್ನು ಕಂಡೊಡನೆ ಜಗುಲಿಯಿಂದ ಜಾರಿ ಓಡಿಬಂದಿತು. ನಮ್ಮ ಕೂಸು ದನ, ಕೋಳಿ, ಮಕ್ಕಳನ್ನು ಕಣ್ಣರಳಿಸಿ ನೋಡಿ, ಮೂರು ದಿನಗಳಲ್ಲಿ ಮೊದಲ ಬಾರಿಗೆ ಗಟ್ಟಿಯಾಗಿ ನಕ್ಕಿತು. ಗ್ರಾಮ ಪಂಚಾಯತಿಗಳಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗಾಗಿ ‘ಕೂಸಿನ ಮನೆ’ಗಳನ್ನು ನಡೆಸುವ ಯೋಜನೆಯನ್ನು ಕರ್ನಾಟಕ ಸರ್ಕಾರ 2023ರಲ್ಲಿ ಕೈಗೊಂಡಿತು, ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರನ್ನು ಮುಖ್ಯವಾಗಿ ಕುರಿತುದು. ಆ ವಿಚಾರ ಹೇಳಿದಾಗ ಮುದುಕಿ, “ಆ ಮನೆ ಬರಲಿ ತಾಯಿ. ಅಲ್ಲಿಗಂಟ ನಾನಿದ್ದೀನಲ್ಲ” ಎಂದಳು. ಅವರ ಹೊಲದ ಪಕ್ಕದ ಹೊಲಕ್ಕೂ ನಿವೇಶನದ ಕಲ್ಲುಗಳು ಬಂದಿದ್ದವು.

ಇನ್ನು ಹೊರಡುವವರಿಗೆ ಕೆಲವು ಮಾತು. ದೂರದ ಊರಿಗಿಂತ ಒಂದು ಗಂಟೆಯ ದಾರಿಯ ಸ್ಥಳವನ್ನೇ ಆರಿಸಿಕೊಳ್ಳಿರಿ. ಮೋಟಾರಿನಲ್ಲಿ ಕೂಸನ್ನು ಮಡಿಲಲ್ಲಿ ಕೂರಿಸಿಕೊಳ್ಳದೆ ಅದಕ್ಕೆಂದೇ ಇರುವ ಪಟ್ಟಿಯ ಆಸನದಲ್ಲಿ ಬಿಗಿಯತಕ್ಕದ್ದು; 2019ರ ಮೋಟಾರು ಕಾಯಿದೆಯ ತಿದ್ದುಪಡಿಯೂ ಇದನ್ನೇ ವಿಧಿಸುತ್ತದೆ. ಮಕ್ಕಳ ಮಂಚವುಂಟೇ, ರಾತ್ರಿ ಮದುವೆ ಔತಣಗಳುಂಟೇ, ಅಡಿಗೆಮನೆಯಲ್ಲಿ ಒಂದು ಒಲೆ ಬಿಟ್ಟುಕೊಡುವರೇ ಎಂಬುದನ್ನು ಹಣ ಕಟ್ಟುವ ಮುನ್ನ ಕೇಳಿರಿ. ಕೊಳದ ಮನೆಯ ನೋಟಕ್ಕೆ ಮರುಳಾಗಬೇಡಿರಿ. ನೀರಿದ್ದಲ್ಲಿ ಸೊಳ್ಳೆಯುಂಟು, ಸೊಳ್ಳೆಪರದೆ ಮನೆಯಿಂದಲೇ ಒಯ್ಯಿರಿ. ತಂಪುಯಂತ್ರವನ್ನು ಕೊರೆಯುವಷ್ಟು ತಿರುಗಿಸಬೇಡಿರಿ. ನೀರು ಕುದಿಸಿ ಆರಿಸಿದ್ದೇ ಆಗಲಿ. ಹಳ್ಳಿಯಲ್ಲಿ ಪ್ರೀತಿಯಿಂದ ಜೇನು ನೆಕ್ಕಿಸಬಂದರೆ ನಯವಾಗಿ ತಡೆಯಿರಿ. ವರ್ಷ ತುಂಬುವವರೆಗೆ ಜೇನು ಕೂಡದೆಂದು ವೈದ್ಯರ ಮತ. ಎಲ್ಲಕ್ಕೂ ಮೇಲಾಗಿ, ಕೂಸನ್ನು ಎತ್ತಿಕೊಳ್ಳಲು ತಾಯಿಯ ಹೊರತಾಗಿ ಇನ್ನೊಂದು ಜೊತೆ ಕೈ ಇರಲಿ. ನಾವು ಆ ಬಾಡಿಗೆಯನ್ನೆಲ್ಲ ತೆತ್ತು ಕೊಂಡ ಸುಖಸಾಧನಗಳಲ್ಲಿ ಕೂಸಿಗೆ ಒದಗಿದ್ದು ಯಾವುದೂ ಇಲ್ಲವೆಂದೇ ಹೇಳಬೇಕು. ಒದಗಿದ್ದು ಪಟ್ಟಿಯಲ್ಲಿಲ್ಲದ ರಾಗಿಯೂ, ತನ್ನ ಮಗುವನ್ನು ಬಿಟ್ಟುಬಂದ ಒಬ್ಬ ತಾಯಿಯ ತಾಳ್ಮೆಯೂ.

ಸೋಮವಾರ ಮಗಳು ಕೆಲಸಕ್ಕೆ ಹೋದಳು. ಮೊದಲ ದಿನ ನಾಲ್ಕು ಸಲವೂ ಮಗುವನ್ನು ನೋಡಿಬಂದಳು. ವಾರದ ಕೊನೆಗೆ ಎರಡು ಸಲ ಸಾಕಾಯಿತು. ಡಬ್ಬಿಯಲ್ಲಿ ಹೋದದ್ದು ಆ ಹಳ್ಳಿಯ ಹಿಟ್ಟು. ಅವಳು ತಾಯಂದಿರ ರಜೆಯ ಮತ್ತು ಶಿಶುಪಾಲನಾಗೃಹದ ನಿಯಮಗಳನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಆ ಹೆಂಗಸಿಗೆ ಕಳುಹಿಸಿದಳು. ಹೋಟೆಲಿನವರಿಗೂ ಒಂದು ಕಾಗದ ಹಾಕಿದಳು. ಈವರೆಗೆ ಉತ್ತರ ಬಂದಿಲ್ಲ. ಇಂಥ ಸ್ಥಳಗಳಿಗೆ ಹೋಗುವ ನಮ್ಮ ಸೋದರಿಯರು ತಮ್ಮ ಕೂಸಿಗೆ ಮಂಚವುಂಟೇ ಎಂದು ಕೇಳುವಾಗ, ಅಲ್ಲಿ ದುಡಿಯುವವರ ಕೂಸಿಗೆ ಕೋಣೆಯುಂಟೇ ಎಂದೂ ಒಂದು ಮಾತು ಕೇಳಿದರೆ, ಹತ್ತು ಜನರು ಕೇಳಿದಾಗಲಾದರೂ ಉತ್ತರ ಬಂದೀತೆಂದು ನಾವು ನಂಬಿರುವೆವು.