ಸಂತೆ ಸೋಮವಾರದ ಎರಡೂವರೆ ಸಾವಿರ

ಇಂಜಿನಿಯರಿಂಗ್ ಓದಿದವರಿಗೆ ಇಂಟರ್ನ್‌ಶಿಪ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ನಾವು ಓದುವಾಗ ವಿಟಿಯು ಸಿಲೆಬಸ್ಸಿನಲ್ಲಿ ಅದು ಕಡ್ಡಾಯ, ನಾಲ್ಕು ವಾರ. ದುಡ್ಡು ಕಟ್ಟಿದರೆ ಸರ್ಟಿಫಿಕೇಟ್ ಕೊಡುವ ಟ್ರೈನಿಂಗ್ ಸೆಂಟರುಗಳು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದವು, ನಮ್ಮ ಕ್ಲಾಸಿನ ಅರ್ಧ ಜನ ಅಲ್ಲಿಗೇ ಹೋದರು. ನನಗೆ ಮಾತ್ರ ಚಿಕ್ಕಪ್ಪನ ಸ್ನೇಹಿತರೊಬ್ಬರ ಪುಣ್ಯದಿಂದ ಒಂದು ದೊಡ್ಡ ಸರ್ಕಾರಿ ಬ್ಯಾಂಕಿನ ಬೆಂಗಳೂರು ಆಫೀಸಿನಲ್ಲಿ ಜಾಗ ಸಿಕ್ಕಿತು. 2019ರ ಜನವರಿ. ಬ್ಯಾಂಕಿನ ಹೆಸರು ಬೇಡ ಬಿಡಿ, ಯಾಕೆ ಅಂತ ಮುಂದೆ ನಿಮಗೇ ಗೊತ್ತಾಗುತ್ತೆ.

ದೊಡ್ಡ ಬ್ಯಾಂಕು ಅಂದಮೇಲೆ ಸರ್ವರ್ ರೂಮು, ಮಿಣಮಿಣ ದೀಪ, ಗೋಡೆ ತುಂಬಾ ಸ್ಕ್ರೀನು ಅಂತೆಲ್ಲ ಕಲ್ಪನೆ ಮಾಡಿಕೊಂಡು ಹೋಗಿದ್ದೆ. ಕೊಟ್ಟಿದ್ದು ಎಟಿಎಂ ರೀಕನ್ಸಿಲಿಯೇಷನ್ ಸೆಕ್ಷನ್ನಿನ ಮೂಲೆಯಲ್ಲಿ ಒಂದು ಕುರ್ಚಿ, ಒಂದು ಹಳೇ ಕಂಪ್ಯೂಟರು. ಇಂಟರ್ನೆಟ್ ಇಲ್ಲ, ಪೆನ್‌ಡ್ರೈವ್ ಹಾಕಿದರೆ ತಗೊಳ್ಳಲ್ಲ. ಪೈಥಾನ್ ಹಾಕಿಕೊಳ್ಳಲಾ ಅಂತ ಕೇಳಿದ್ದಕ್ಕೆ ಐಟಿಯವರು ನಕ್ಕರು. ಇದ್ದದ್ದು ಎಕ್ಸೆಲ್ ಒಂದೇ. ಮೂರೂವರೆ ವರ್ಷ ಆಲ್ಗಾರಿದಮ್ ಓದಿ ಕೊನೆಗೆ ಕೈಹಿಡಿದಿದ್ದು ವಿ-ಲುಕಪ್ಪು :)

ಕೆಲಸ ಹೇಳೋಕೆ ಸುಲಭ. ನೀವು ಎಟಿಎಂನಲ್ಲಿ ದುಡ್ಡು ತೆಗೆದರೆ ಅದರ ಲೆಕ್ಕ ಮೂರು ಕಡೆ ಬೀಳುತ್ತೆ. ಒಂದು, ಮಿಷಿನ್ನು ತಾನೇ ಬರೆದಿಟ್ಟುಕೊಳ್ಳುವ ಜರ್ನಲ್ಲು. ಎರಡು, ಮಧ್ಯೆ ಕೂತು ಸಂದೇಶ ದಾಟಿಸುವ ಸ್ವಿಚ್ಚು. ಮೂರು, ನಿಮ್ಮ ಖಾತೆ ಇರುವ ಕೋರ್ ಬ್ಯಾಂಕಿಂಗ್ ಸಿಸ್ಟಮ್ಮು. ಪ್ರತಿ ವ್ಯವಹಾರಕ್ಕೂ 12 ಅಂಕಿಯ ಒಂದು ರೆಫರೆನ್ಸ್ ನಂಬರು. ಮೂರೂ ಕಡೆ ನಂಬರು, ಮೊತ್ತ ತಾಳೆಯಾದರೆ ಮುಗೀತು. ಆಗದಿದ್ದರೆ ಆ ಸಾಲು ಒಂದು ಬೇರೆ ಶೀಟಿಗೆ ಹೋಗಿ ಕೂರುತ್ತೆ. ಕರೆಂಟ್ ಹೋಗಿರಬಹುದು, ನೋಟು ಸಿಕ್ಕಿಕೊಂಡಿರಬಹುದು, ಲೈನ್ ಕಟ್ಟಾಗಿರಬಹುದು. ಖಾತೆಯಿಂದ ದುಡ್ಡು ಹೋಗಿರುತ್ತೆ, ಕೈಗೆ ಬಂದಿರಲ್ಲ, ಮಿಷಿನ್ನಿನ ಹೊಟ್ಟೆಯಲ್ಲೇ ಇರುತ್ತೆ. (ಎಕ್ಸೆಲ್ಲಿಗೆ 12 ಅಂಕಿ ಕಂಡರೆ ಆಗಲ್ಲ, ಸುಮ್ಮನೆ ಬಿಟ್ಟರೆ ಅದನ್ನು ಪಾಯಿಂಟು ಹಾಕಿ ಚಿಕ್ಕದು ಮಾಡಿ ತೋರಿಸುತ್ತೆ. ಮೊದಲ ಎರಡು ದಿನ ಹೋಗಿದ್ದು ಈ ಕಾಟದಲ್ಲೇ.)

ಮೊದಲ ವಾರ ಮುಗಿಯೋ ಹೊತ್ತಿಗೆ ಒಂದು ಮ್ಯಾಕ್ರೋ ಬರೆದೆ. ಮಧ್ಯಾಹ್ನದ ತನಕ ಹಿಡಿಯುತ್ತಿದ್ದ ಕೆಲಸ ಟೀ ಕುಡಿದು ಬರೋದರೊಳಗೆ ಮುಗಿಯುವ ಹಾಗಾಯಿತು. ಸೆಕ್ಷನ್ನಿನ ಮೇಡಂಗೆ ಖುಷಿಯೋ ಖುಷಿ. ಅವರು ಒಡಿಶಾದವರು, ಟ್ರಾನ್ಸ್‌ಫರ್ ಆಗಿ ಬಂದು ಎಂಟು ತಿಂಗಳಾಗಿತ್ತು. "ಸ್ವಲ್ಪ ಸ್ವಲ್ಪ ಬರುತ್ತೆ" ಅನ್ನೋ ಅಷ್ಟು ಕನ್ನಡ. ರಾತ್ರಿ ಏಳೂವರೆಗೆ ಮುಂಚೆ ಮನೆಗೆ ಹೋಗಿದ್ದನ್ನು ನಾನು ನೋಡಲಿಲ್ಲ.

ನನ್ನ ಸಮಯ ಉಳಿದಿದ್ದು ನೋಡಿ ಅವರು ಒಂದು ಫೈಲು ತಂದು ಮುಂದೆ ಇಟ್ಟರು. ಬ್ರಾಂಚುಗಳಿಂದ ಬಂದ ದೂರಿನ ಅರ್ಜಿಗಳ ಪ್ರಿಂಟು, ಎಲ್ಲಾ ಕನ್ನಡದಲ್ಲಿ. ಅವನ್ನು ಓದಿ ಸಾರಾಂಶ ಹೇಳುತ್ತಿದ್ದ ಹಿರಿಯ ಕ್ಲರ್ಕ್ ಸಾರ್ ಕಣ್ಣಿನ ಆಪರೇಷನ್ನಿಗೆ ರಜೆ ಹಾಕಿದ್ದರು. ಉಳಿದವರಿಗೆ ಅವರವರ ಸೀಟಿನ ಕೆಲಸವೇ ತಲೆ ಮೇಲಿತ್ತು. ಇಂಗ್ಲಿಷಿನಲ್ಲಿ ಬಂದವು ಮುಂದೆ ಹೋದವು, ಕನ್ನಡದವು ಫೈಲಿನಲ್ಲಿ ಕೂತವು. ಕನ್ನಡವನ್ನು ದ್ವೇಷಿಸುವವರು ಅಲ್ಲಿ ಯಾರೂ ಇರಲಿಲ್ಲ ಮಾರಾಯ್ರೇ, ಓದೋರು ಇರಲಿಲ್ಲ ಅಷ್ಟೇ. ಖಾತೆದಾರನಿಗೆ ಎರಡೂ ಒಂದೇ.

ಸಂಕ್ರಾಂತಿ ಮುಗಿಸಿ ಬಂದ ದಿನ ಓದಿದ ಒಂದು ಅರ್ಜಿ ಇವತ್ತಿಗೂ ನೆನಪಿದೆ. ತುಮಕೂರು ಕಡೆಯ ಒಂದು ಹೋಬಳಿ. ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು. ಅಕ್ಷರ ನೋಡಿದರೆ ಹೈಸ್ಕೂಲು ಹುಡುಗನದು, ಪ್ರಬಂಧ ಬರೆದ ಹಾಗೆ ಎಡಗಡೆ ಗೆರೆ ಎಳೆದಿತ್ತು. ಸಂತೆ ದಿನ ನಿಮ್ಮ ಎಟಿಎಂನಲ್ಲಿ 2,500 ರೂಪಾಯಿ ಒತ್ತಿದೆವು, ದುಡ್ಡು ಬರಲಿಲ್ಲ, ಮೊಬೈಲಿಗೆ ಕಟ್ಟಾಗಿದೆ ಅಂತ ಮೆಸೇಜು ಬಂತು, ದಯವಿಟ್ಟು ಕೊಡಿಸಿ. ಇಷ್ಟೇ. ತಾರೀಖಿಲ್ಲ, ರೆಫರೆನ್ಸ್ ನಂಬರಿಲ್ಲ. ಬ್ರಾಂಚಿನ ಸೀಲಿನಲ್ಲಿ ಡಿಸೆಂಬರ್ 27 ಅಂತಿತ್ತು.

ಆ ಬ್ರಾಂಚಿಗೆ ಫೋನ್ ಮಾಡಿ ಕೇಳಿದೆ, "ಸಾರ್, ನಿಮ್ಮೂರ ಸಂತೆ ಯಾವತ್ತು?" ಆ ಕಡೆಯವರು ಒಂದು ಕ್ಷಣ ಸುಮ್ಮನಾಗಿ, "ಸೋಮವಾರ, ಯಾಕಪ್ಪಾ?" ಅಂದರು. ಸೋಮವಾರ ಅಂದರೆ ಡಿಸೆಂಬರ್ 24. ಖಾತೆ ನಂಬರು ಹಾಕಿ ನನ್ನದೇ ಶೀಟಿನಲ್ಲಿ ಹುಡುಕಿದೆ. ಸಿಕ್ಕಿತು. ಬೆಳಗ್ಗೆ ಹನ್ನೊಂದರ ಸುಮಾರಿಗೆ 2,500, ಖಾತೆಯಲ್ಲಿ ಡೆಬಿಟ್ಟು, ಮಿಷಿನ್ನಿನ ಜರ್ನಲ್ಲಿನಲ್ಲಿ ನೋಟು ಹೊರಬಂದ ದಾಖಲೆ ಇಲ್ಲ. ಆಮೇಲೆ ಮಿಷಿನ್ನಿನ ದುಡ್ಡು ಎಣಿಸಿದಾಗ ಅಷ್ಟೇ ಹೆಚ್ಚು ಬಂದಿತ್ತು ಅನ್ನೋದೂ ಸಿಸ್ಟಮ್ಮಿನಲ್ಲಿತ್ತು.

ನಾನು ಸ್ವಲ್ಪ ಹೊತ್ತು ಆ ಸಾಲನ್ನೇ ನೋಡುತ್ತಾ ಕೂತೆ. ಆಯಮ್ಮ ಬ್ರಾಂಚಿಗೆ ಅಲೆದು, ಯಾರದೋ ಕೈಯಲ್ಲಿ ಅರ್ಜಿ ಬರೆಸಿ, ತಮ್ಮ ದುಡ್ಡು ಬಂದಿಲ್ಲ ಅಂತ ನಮಗೆ ನಂಬಿಸೋಕೆ ಒದ್ದಾಡುತ್ತಿದ್ದರು. ನಮ್ಮ ಹತ್ತಿರ ಆ ವಿಷಯ ಆಗಲೇ ಇತ್ತು!

ಆಗಿದ್ದ ನಿಯಮ ಹೀಗಿತ್ತು. 2011ರ ಜುಲೈನಿಂದ ರಿಸರ್ವ್ ಬ್ಯಾಂಕು ಹೇಳಿದ್ದ ಪ್ರಕಾರ ದೂರು ಕೊಟ್ಟ ಏಳು ಕೆಲಸದ ದಿನದೊಳಗೆ ದುಡ್ಡು ವಾಪಸ್ ಹಾಕಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಆದರೆ ಪರಿಹಾರ ಸಿಗಬೇಕಾದರೆ ದುಡ್ಡು ಸಿಕ್ಕಿಕೊಂಡ 30 ದಿನದೊಳಗೆ ದೂರು ಕೊಟ್ಟಿರಬೇಕು. ಕೇಳೋಕೆ ನ್ಯಾಯವಾಗೇ ಇದೆ ಅಲ್ವಾ? ಆದರೆ ಎಲ್ಲಾ ನಿಂತಿದ್ದು ಆ ಒಂದು ಅರ್ಜಿಯ ಮೇಲೆ. ಕೂಲಿ ಬಿಟ್ಟು ಬ್ರಾಂಚಿಗೆ ಹೋಗಲಾಗದವರು, ಬರೆಯೋಕೆ ಬಾರದವರು, ಮೊಬೈಲಿಗೆ ಬಂದ ಇಂಗ್ಲಿಷ್ ಮೆಸೇಜು ಅರ್ಥವಾಗದವರು ಪರಿಹಾರದ ಲೆಕ್ಕಕ್ಕೇ ಬರುತ್ತಿರಲಿಲ್ಲ.

ನಾನು ಏನನ್ನೂ ಮುಟ್ಟುವ ಹಾಗಿರಲಿಲ್ಲ. ಬ್ಯಾಂಕಿನಲ್ಲಿ ಒಬ್ಬರು ಎಂಟ್ರಿ ಹಾಕಬೇಕು, ಇನ್ನೊಬ್ಬರು ನೋಡಿ ಒಪ್ಪಬೇಕು. ಚೀಟಿಯಲ್ಲಿ ಬರೆದು ಮೇಡಂಗೆ ಕೊಟ್ಟೆ. ಅವರು ಆವತ್ತೇ 2,500 ಹಾಕಿದರು. ಪರಿಹಾರಕ್ಕೆ ಮೇಲಿನವರ ಸಹಿ ಬೇಕಿತ್ತು. "ಅವರು ಕೇಳಿಯೇ ಇಲ್ಲವಲ್ಲ" ಅಂತ ಮೇಲಿನವರು ಹಿಂದೆ ಕಳಿಸಿದರು. ಮೇಡಂ ಬ್ರಾಂಚಿನ ಸೀಲಿದ್ದ ಜಾಗಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿ ಮತ್ತೆ ಕಳಿಸಿದರು. ಎರಡು ದಿನ ಬಿಟ್ಟು ಅದೂ ಆಯಿತು. ಉಳಿದ ಎರಡು ವಾರ ನಾನು ಮಾಡಿದ್ದು ಅದನ್ನೇ: ಅರ್ಜಿ ಓದೋದು, ಸಾಲು ಹುಡುಕೋದು, ಚೀಟಿ ಕೊಡೋದು.

ಕೊನೇ ವಾರ ಆ ಬ್ರಾಂಚಿನವರೇ ಫೋನ್ ಮಾಡಿದ್ದರು. ಆಯಮ್ಮ ಪಾಸ್‌ಬುಕ್ ಎಂಟ್ರಿ ಮಾಡಿಸೋಕೆ ಬಂದು, ಹೆಚ್ಚಿಗೆ ಬಂದಿದ್ದ ಪರಿಹಾರದ ದುಡ್ಡು ನೋಡಿ ಗಾಬರಿಯಾದರಂತೆ. "ಇದು ನಂದಲ್ಲ ಸಾರ್, ನಾಳೆ ನೀವೇ ಕಟ್ ಮಾಡ್ತೀರ, ಈಗಲೇ ತಗೊಂಬಿಡಿ" ಅಂದರಂತೆ. ಫೋನಿನಲ್ಲಿ ಅವರು ನಗುತ್ತಾ ಹೇಳಿದರು. ನಾನೂ ನಕ್ಕೆ. ಆದರೆ ರಾತ್ರಿ ಪಿಜಿಗೆ ಹೋಗುವ ಬಸ್ಸಿನಲ್ಲಿ ಆ ಮಾತು ಬೇರೆ ಥರ ಕೇಳಿಸತೊಡಗಿತು.

ಕಾಲೇಜಿನಲ್ಲಿ ಇಂಟರ್ನ್‌ಶಿಪ್ ಸೆಮಿನಾರ್ ಕೊಟ್ಟಾಗ ಮ್ಯಾಕ್ರೋ ತೋರಿಸಿದೆ, ಒಳ್ಳೆ ಮಾರ್ಕ್ಸ್ ಬಂತು. ಅರ್ಜಿಗಳ ವಿಷಯಕ್ಕೆ ಆ ಪಿಪಿಟಿಯಲ್ಲಿ ಜಾಗವೇ ಇರಲಿಲ್ಲ.

ಅದೇ ವರ್ಷ ಸೆಪ್ಟೆಂಬರ್ 20ಕ್ಕೆ ರಿಸರ್ವ್ ಬ್ಯಾಂಕಿನ ಹೊಸ ಸುತ್ತೋಲೆ ಬಂತು. ಅಷ್ಟರಲ್ಲಿ ನಾನು ಕೆಲಸಕ್ಕೆ ಸೇರಿದ್ದೆ, ಕ್ಯಾಂಟೀನಿನಲ್ಲಿ ಕೂತು ಮೊಬೈಲಿನಲ್ಲಿ ಪೂರ್ತಿ ಓದಿದೆ. ಎಟಿಎಂನಲ್ಲಿ ದುಡ್ಡು ಬರದೆ ಖಾತೆಯಿಂದ ಹೋದರೆ ಆ ದಿನ ಬಿಟ್ಟು ಐದು ದಿನದೊಳಗೆ ಬ್ಯಾಂಕೇ ತಾನಾಗಿ ವಾಪಸ್ ಹಾಕಬೇಕು. ಯುಪಿಐನಲ್ಲಿ ಇನ್ನೊಬ್ಬರ ಖಾತೆಗೆ ಕಳಿಸಿದ್ದು ತಲುಪದಿದ್ದರೆ ಮಾರನೇ ದಿನದೊಳಗೆ. ತಡವಾದರೆ ದಿನಕ್ಕೆ 100 ರೂಪಾಯಿ, ಅದೂ ಗ್ರಾಹಕರು ಕೇಳುವ ತನಕ ಕಾಯದೆ. ಅಕ್ಟೋಬರ್ 15ರಿಂದ ಜಾರಿಗೆ ಬಂತು. ಗೊತ್ತಿದ್ದವರೇ ಕೊಡಲಿ, ಕಳಕೊಂಡವರು ಯಾಕೆ ಕೇಳಬೇಕು? ನನ್ನ ಎಕ್ಸೆಲ್ ಶೀಟಿನ ಮುಂದೆ ಕೂತು ಅಂದುಕೊಂಡಿದ್ದೂ ಇದೇ.

ಈಗ ನಾನೂ ಇಂಥದ್ದೇ ಕೋಡ್ ಬರೆಯುವವನು. ತಾಳೆಯಾಗದ ಸಾಲುಗಳಿಗೆ ನಮ್ಮಲ್ಲಿ 'ಎಕ್ಸೆಪ್ಷನ್' ಅಂತಾರೆ, ಶೇಕಡಾ ಇಷ್ಟು ಅಂತ ಹೇಳಿ ಮುಂದಿನ ಸ್ಲೈಡಿಗೆ ಹೋಗ್ತಾರೆ. ನಾನು ಪ್ರತಿ ಸಲ ಒಂದೇ ಪ್ರಶ್ನೆ ಕೇಳ್ತೀನಿ: ಇದು ಆದಾಗ ಆ ಮನುಷ್ಯನಿಗೆ ಯಾರು ಹೇಳ್ತಾರೆ, ಯಾವ ಭಾಷೆಯಲ್ಲಿ ಹೇಳ್ತಾರೆ? ಟೀಮಿನಲ್ಲಿ ನನಗೆ 'ಸಂತೆ' ಅಂತಲೇ ಹೆಸರು ಬಿದ್ದಿದೆ :)

ಕೊನೆಯದಾಗಿ ಒಂದು ಉಪಯೋಗದ ಮಾತು. ನಿಮ್ಮ ಮನೆಯವರದ್ದೋ, ಮನೆಕೆಲಸಕ್ಕೆ ಬರುವವರದ್ದೋ ದುಡ್ಡು ಹೀಗೆ ಸಿಕ್ಕಿಕೊಂಡು ಐದು ದಿನ ದಾಟಿದರೆ ಬ್ರಾಂಚಿನಲ್ಲಿ ದುಡ್ಡಿನ ಜೊತೆ ಪರಿಹಾರವನ್ನೂ ಕೇಳಿ. ಅದು ಅವರ ದಯೆ ಅಲ್ಲ. ಅಲ್ಲಿ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. 2021ರ ನವೆಂಬರಿನಲ್ಲಿ ಆ ವ್ಯವಸ್ಥೆಯನ್ನು ದೇಶಕ್ಕೆಲ್ಲ ಒಂದೇ ಮಾಡಿದಾಗ, ಚಂಡೀಗಢದ ಕೇಂದ್ರಕ್ಕೆ ಯಾವ ಭಾಷೆಯಲ್ಲಿ ಬೇಕಾದರೂ ದೂರು ಕಳಿಸಬಹುದು ಅಂತ ಅವರೇ ಹೇಳಿದರು. ಕನ್ನಡದಲ್ಲೇ ಬರೀರಿ. ತಾರೀಖು ಮಾತ್ರ ಮರೀಬೇಡಿ, ಎಲ್ಲಾ ಕಡೆ ಸಂತೆ ಯಾವತ್ತು ಅಂತ ಕೇಳೋರು ಇರಲ್ಲ.