ಒಂದೇ ಗಂಟು, ಮೂರು ಹೆಸರು

ನಮ್ಮ ಮೈಸೂರು ಕಡೆ ಊರಿನ ಹೆಸರು, ತಂದೆಯ ಹೆಸರು ಮೊದಲು ಬಂದು ನಮ್ಮ ಹೆಸರು ಆಮೇಲೆ ಬರುತ್ತದೆ. ಧಾರವಾಡದ ಕಡೆ ಅಡ್ಡಹೆಸರು ಕೊನೆಗೆ. ಅಂಚೆಯವನು ಇಬ್ಬರನ್ನೂ ಹುಡುಕಿ ಕಾಗದ ಮುಟ್ಟಿಸುತ್ತಾನೆ. ಗಣಕಯಂತ್ರಕ್ಕೆ ಅಷ್ಟು ದಾಕ್ಷಿಣ್ಯವಿಲ್ಲ.

ಲಿನಕ್ಸ್ ಬಳಗವನ್ನು ಮೆಚ್ಚುವವರಲ್ಲಿ ನಾನೂ ಒಬ್ಬ. ಬೆಲೆಯಿಲ್ಲ, ಯಾರು ಬೇಕಾದರೂ ಒಳಗನ್ನು ಬಿಚ್ಚಿ ನೋಡಿ ತಿದ್ದಬಹುದು. ಕನ್ನಡ ಮೇಷ್ಟ್ರ ಸಂಬಳಕ್ಕೂ ಸ್ವಭಾವಕ್ಕೂ ಒಗ್ಗುವ ಏರ್ಪಾಡು. ಆದರೆ 1993ರಲ್ಲಿ ಹುಟ್ಟಿದ ಡೆಬಿಯನ್ ಒಂದು ಮನೆತನ, ಫೆಡೋರಾ ಇನ್ನೊಂದು, ಆರ್ಚ್ ಮತ್ತೊಂದು. ಪ್ಯಾಕೇಜು ಎಂಬ ತಂತ್ರಾಂಶದ ಗಂಟನ್ನು ಕಟ್ಟುವ ರೀತಿ ಒಬ್ಬೊಬ್ಬರದು ಒಂದೊಂದು. ಅದನ್ನು ತರಿಸಿ ಬಿಚ್ಚಿಸಲು ಮೊದಲನೆಯ ಮನೆಯಲ್ಲಿ 'ಆಪ್ಟ್', ಎರಡನೆಯದರಲ್ಲಿ 'ಡಿಎನ್‌ಎಫ್', ಮೂರನೆಯದರಲ್ಲಿ 'ಪ್ಯಾಕ್‌ಮ್ಯಾನ್' ಎಂಬ ಪಾರುಪತ್ತೇಗಾರನನ್ನು ಕರೆಯಬೇಕು. (ಫೆಡೋರಾದಲ್ಲಿ 2015ರವರೆಗೆ ಆ ಗದ್ದಿಗೆ 'ಯಮ್' ಎಂಬವನದು. ಆ ಹೆಸರಿನ ಕೊನೆಗೊಂದು ಅಕಾರ ಸೇರಿಸಿ ಓದಿಕೊಂಡವನು ನಾನೊಬ್ಬನೇ ಆಗಿರಲಾರೆ.)

ನಮ್ಮ ಎಂ.ಎ. ತರಗತಿಯ ಹುಡುಗಿಯೊಬ್ಬಳಿಗೆ ಗಾದೆಗಳ ಹಳೆಯ ಪುಸ್ತಕವೊಂದು ಸಿಕ್ಕಿತು. ಹಾಳೆ ಮುಟ್ಟಿದರೆ ಪುಡಿ. ಪುಟಗಳ ಚಿತ್ರ ತೆಗೆದು, ಅಕ್ಷರ ಗುರುತಿಸುವ 'ಟೆಸರಾಕ್ಟ್' ತಂತ್ರಾಂಶಕ್ಕೆ ಕೊಟ್ಟರೆ ಬೆರಳಚ್ಚಿನ ಶ್ರಮ ಬಹುಮಟ್ಟಿಗೆ ಉಳಿದೀತು. ಅದಕ್ಕೆ ಕನ್ನಡ ಕಲಿಸುವ ಗಂಟು ಬೇರೆ. ಕಾಲೇಜಿನಲ್ಲಿ ಫಲಿಸಿದ ಆಜ್ಞೆಯನ್ನು ಚೀಟಿಯಲ್ಲಿ ಬರೆದುಕೊಂಡು ಮನೆಗೆ ಹೋದಳು. ಮನೆಯ ಯಂತ್ರ ಬೇರೆ ಮನೆತನದ್ದು. ಪಾರುಪತ್ತೇಗಾರನ ಹೆಸರನ್ನು ಅವಳ ಅಣ್ಣ ಬದಲಾಯಿಸಿಕೊಟ್ಟ. ಗಂಟಿನ ಹೆಸರು ಹಾಗೆಯೇ ಉಳಿಯಿತು. ಅಂಥ ಗಂಟೇ ಇಲ್ಲವೆಂದು ಉತ್ತರ ಬಂತು.

ಮರುದಿನ, "ಆ ಯಂತ್ರದಲ್ಲಿ ಕನ್ನಡ ಇಲ್ಲವಂತೆ, ಸಾರ್" ಎಂದಳು. ಇಲ್ಲದಿರುವುದೇ ಸಹಜವೆನ್ನುವ ಧಾಟಿ. ನನಗೆ ಚುಚ್ಚಿದ್ದು ಆ ಧಾಟಿ.

ಕನ್ನಡ ಇತ್ತು. ಡೆಬಿಯನ್ನಿನಲ್ಲಿ ಆ ಗಂಟು 'ಟೆಸರಾಕ್ಟ್-ಓಸಿಆರ್-ಕನ್', ಫೆಡೋರಾದಲ್ಲಿ 'ಟೆಸರಾಕ್ಟ್-ಲ್ಯಾಂಗ್‌ಪ್ಯಾಕ್-ಕನ್', ಆರ್ಚಿನಲ್ಲಿ 'ಟೆಸರಾಕ್ಟ್-ಡೇಟಾ-ಕನ್'. ಒಳಗಿನ ಸರಕು ಕನ್ನಡವೇ. ಲೋಹಿತ್ ಎಂಬ ಫಾಂಟಿನ ಪಾಡೂ ಇದೇ: ಡೆಬಿಯನ್ನಿನಲ್ಲಿ 'ಫಾಂಟ್ಸ್-ಲೋಹಿತ್-ಕೆಎನ್‌ಡಿಎ', ಫೆಡೋರಾದಲ್ಲಿ 'ಲೋಹಿತ್-ಕನ್ನಡ-ಫಾಂಟ್ಸ್'. ಒಂದರಲ್ಲಿ ಕುಲ ಮೊದಲು, ಇನ್ನೊಂದರಲ್ಲಿ ವ್ಯಕ್ತಿ ಮೊದಲು. 'ಕೆಎನ್‌ಡಿಎ' ಎಂಬುದು ನಮ್ಮ ಲಿಪಿಗೆ ಜಗತ್ತು ಒಪ್ಪಿದ ಸಂಕೇತ. ಒಪ್ಪಲಿ, ಅದನ್ನು ಕನ್ನಡವೆಂದು ಯಾವ ಕನ್ನಡಿಗ ತಾನೇ ಊಹಿಸಬೇಕು?

ಗಂಟು ಸಿಕ್ಕರೂ ಅದು ಮದುವೆಗೆ ಕರೆದ ನೆಂಟರ ಹಾಗೆ. ಅತ್ತಿಗೆ ಬರಬೇಕಾದರೆ ಅವರ ತಂಗಿ ಬರಬೇಕು. ತಂಗಿ ಬರಲು ಭಾವ ಬೇಕು. ಅದೂ ಈ ವರ್ಷದ ಭಾವ, ಹೋದ ವರ್ಷದವನು ಆಗುವುದಿಲ್ಲ! ಇದಕ್ಕೆ ಪರಿಹಾರವೆಂದು ಸ್ನ್ಯಾಪ್, ಫ್ಲಾಟ್‌ಪ್ಯಾಕ್ ಎಂಬ ಹೊಸಬರು ಬಂದಿದ್ದಾರೆ. ಸ್ಟೌ, ಅಕ್ಕಿ, ಉಪ್ಪಿನಕಾಯಿ ಸಮೇತ ಯಾತ್ರೆ ಹೊರಡುವ ಮಡಿವಂತರ ಜಾತಿ. ಹಲವು ಮನೆಗಳಲ್ಲಿ ಇಳಿಯುತ್ತಾರೆ, ನಿಜ. ಜಾಗ ಮಾತ್ರ ಹೆಚ್ಚು ಬೇಡುತ್ತಾರೆ.

ಗಂಟು ಕಟ್ಟುವವರಲ್ಲಿ ಅನೇಕರು ಸಂಬಳವಿಲ್ಲದೆ ದುಡಿಯುವವರು. ಅವರ ಮೇಲೆ ಸಿಟ್ಟಾಗಲು ಮನಸ್ಸು ಬರುವುದಿಲ್ಲ. ಹುಡುಕುವ ಆಜ್ಞೆಯೂ ಇದೆ. ಆದರೆ "ಇಲ್ಲ" ಎಂಬ ಉತ್ತರ ಕಂಡವರು ಮತ್ತೆ ಹುಡುಕುವ ಗೋಜಿಗೆ ಹೋಗುತ್ತಾರೆಯೆ?

ಮೂರು ಹೆಸರುಗಳನ್ನೂ ಹಾಳೆಯಲ್ಲಿ ಬರೆದು ವಿಭಾಗದ ಬಾಗಿಲಿಗೆ ಅಂಟಿಸಿದ್ದೇನೆ. ಹುಡುಗಿ ಈಗ 60ನೆಯ ಪುಟದಲ್ಲಿದ್ದಾಳೆ. ಯಂತ್ರ ಒತ್ತಕ್ಷರಗಳಲ್ಲಿ ಎಡವುತ್ತದೆ, ಅವಳು ತಿದ್ದುತ್ತಾಳೆ.