ಜೋಡಿಗೆ ಒಬ್ಬರಿದ್ದರೆ

“ಯಾರ ಬೆನ್ನ ಹತ್ಯಾರಂತ ಓಡಾಕ ಹೊಂಟೀರಿ?”

ನಮ್ಮ ಅತ್ತೆ ಕೇಳಿದ ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಬೆಳಗಿನ ಐದೂಕಾಲು ಗಂಟೆ. ಚಿಕ್ಕೋಡಿಯ ನವೆಂಬರ್ ಚಳಿ. ಚೂಡಿದಾರದ ಮೇಲೆ ಮಗನ ಹಳೆಯ ಸ್ವೆಟರ್, ತಲೆಗೆ ಸ್ಕಾರ್ಫು, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು. ಈ ವೇಷದಲ್ಲಿ ನಾನು ಕಳ್ಳಿಯ ಹಾಗೆ ಬಾಗಿಲ ಚಿಲಕ ತೆಗೆಯುತ್ತಿದ್ದೆ. ವಯಸ್ಸು ನಲವತ್ತನಾಲ್ಕು, ಕೆಲಸ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವುದು. ಅಲ್ಲಿಯವರೆಗೆ ನಾನು ಓಡಿದ್ದೆಂದರೆ ಹೊರಟ ಬಸ್ಸಿನ ಹಿಂದೆ ಮಾತ್ರ.

ಹೊರಗೆ ನಿಂತಿದ್ದ ಗೆಳತಿಯೇ ಉತ್ತರ ಕೊಟ್ಟಳು. “ಅತ್ತೀ, ಸಕ್ಕರಿ ಬ್ಯಾನಿ ಬೆನ್ನ ಹತ್ತೇತಿ. ನಿಮ್ಮ ಸೊಸಿ ಅದರ ಕೈಯಾಗ ಸಿಗಬಾರದಂತ ಓಡಸಾಕ ಕರಕೊಂಡ ಹೊಂಟೀನಿ.”

ಅತ್ತೆ ನಕ್ಕರು. ನಾನು ನಗಲಿಲ್ಲ. ಏಕೆಂದರೆ ಅದು ನಿಜವಾಗಿತ್ತು. 2022ರ ದೀಪಾವಳಿ ಮುಗಿದ ಮೇಲೆ, ಮೇಲಿಂದ ಮೇಲೆ ಬಾಯಾರುತ್ತದೆ ಎಂದು ರಕ್ತ ಪರೀಕ್ಷೆ ಮಾಡಿಸಿದ್ದೆ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಎಂಬ ಅಂಕಿ 8.1 ಬಂದಿತ್ತು. ಅದು 6.5 ದಾಟಿದರೆ ಮಧುಮೇಹ. ಇದೇ ಕಾಯಿಲೆಯಿಂದ ನನ್ನ ಅಪ್ಪನ ಕಾಲಿನ ಹುಣ್ಣು ವಾಸಿಯಾಗದೆ ಹೋದದ್ದನ್ನು ನಾನು ಕಣ್ಣಾರೆ ಕಂಡವಳು. ಡಾಕ್ಟರು ಗುಳಿಗೆ ಬರೆದುಕೊಟ್ಟು, “ದಿನಾ ನಡೀರಿ” ಎಂದರು. ನಡೆಯುವುದನ್ನು ಓಡುವುದಕ್ಕೆ ಏರಿಸಿದವಳು ಗೆಳತಿ.

ಅವಳ ಪರಿಚಯ ಹೇಳಬೇಕು. ನಾವಿಬ್ಬರೂ ಕೃಷ್ಣಾ ದಂಡೆಯ ಒಂದೇ ಹಳ್ಳಿಯವರು, ಒಂದೇ ಬೆಂಚಿನವರು. ಲಗ್ನವಾಗಿ ಅವಳು ಹೊಳೆಯಾಚೆಯ ಊರಿಗೆ ಹೋದಳು, ನಾನು ಚಿಕ್ಕೋಡಿಗೆ ಬಂದೆ. ಇಪ್ಪತ್ತು ವರ್ಷ ಮದುವೆ ಮುಂಜಿಗಳಲ್ಲಿ ಕಂಡರೆ ಕಂಡೆವು, ಇಲ್ಲವಾದರೆ ಇಲ್ಲ. ಮತ್ತೆ ಹತ್ತಿರ ತಂದದ್ದು ಪ್ರವಾಹ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಒಟ್ಟಿಗೇ ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಹೊಳೆಸಾಲಿನ ಹಳ್ಳಿಗಳಿಗೆ ನೀರು ನುಗ್ಗಿದ್ದು ನಿಮಗೆ ನೆನಪಿರಬಹುದು. ಕಲ್ಲೋಳ–ಯಡೂರಿನಂಥ ಕೆಳಮಟ್ಟದ ಸೇತುವೆಗಳು ಮಳೆಗಾಲದಲ್ಲಿ ಮುಳುಗುವುದು ನಮಗೆ ಹೊಸದಲ್ಲ. ಆದರೆ ಆ ವರ್ಷ ಸೇತುವೆಯಲ್ಲ, ಅವಳ ಮನೆಯ ಗೋಡೆಯೇ ಹೋಯಿತು. ಎರಡು ಎಮ್ಮೆ, ಒಂದು ಟ್ರಂಕು, ಗಂಡ, ಮಕ್ಕಳೊಂದಿಗೆ ಚಿಕ್ಕೋಡಿಗೆ ಬಂದು ನಮ್ಮ ಓಣಿಯಲ್ಲೇ ಬಾಡಿಗೆಗೆ ನಿಂತಳು. ಎಮ್ಮೆಯ ಹಾಲು ಹಾಕುತ್ತ, ಹೊಲಿಗೆ ಮಾಡುತ್ತ ಸಂಸಾರ ಎತ್ತಿ ನಿಲ್ಲಿಸಿದಳು.

ಹಾಲು ಹಾಕಲು ಬಂದಾಗ ನನ್ನ ರಿಪೋರ್ಟಿನ ಸುದ್ದಿ ಕೇಳಿ ಅವಳು ಅಂದದ್ದು ಒಂದೇ ಮಾತು. “ನಾಳಿಂದ ಮುಂಜಾನೆ ನಾ ಬರ್ತೀನಿ, ಜೋಡಿ ಹೋಗೂಣು.”

ನಮ್ಮ ಕಡೆ ಜತೆಯಲ್ಲಿ ಬರುವವರಿಗೆ ‘ಜೋಡಿ’ ಎನ್ನುತ್ತಾರೆ. ಆ ಶಬ್ದ ಕೇಳಿ ನನ್ನೊಳಗೆ ಏನೋ ಚುಚ್ಚಿತು. ಯಾಕೆಂದು ಆಮೇಲೆ ಹೇಳುತ್ತೇನೆ.

ಮೊದಲ ದಿನ ನಾನು ಎಣಿಸಿ ಇನ್ನೂರು ಹೆಜ್ಜೆ ಓಡಿ, ಬೇವಿನ ಮರಕ್ಕೆ ಕೈಕೊಟ್ಟು ನಿಂತೆ. ಅವಳು ನಗಲಿಲ್ಲ. “ಒಂದ ನಿಮಿಷ ಓಡು, ಎರಡ ನಿಮಿಷ ನಡಿ. ಮಾತಾಡಾಕ ಬರೂವಷ್ಟ ಓಡು. ಮಾತ ನಿಂತ್ರ ಓಟಾ ನಿಲ್ಲಸು” ಎಂದಳು. ಬಹಳ ದಿನಗಳ ನಂತರ ಪುಸ್ತಕದಲ್ಲಿ ಓದಿದೆ, ಹೊಸದಾಗಿ ಓಡುವವರಿಗೆ ತರಬೇತುದಾರರು ಹೇಳುವುದೂ ಇದನ್ನೇ. ಓಡುತ್ತ ಮಾತನಾಡಲು ಬಂದರೆ ಆ ವೇಗ ನಿಮ್ಮ ಎದೆಗೆ ತಕ್ಕದ್ದು ಎಂದು ಅರ್ಥ.

ನಮ್ಮ ಭಾಗದಲ್ಲಿ ಚಳಿಗಾಲವೆಂದರೆ ಕಬ್ಬಿನ ಹಂಗಾಮು. ನಸುಕಿನಲ್ಲೇ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಹಾಡು ಹಚ್ಚಿಕೊಂಡು ಕಾರ್ಖಾನೆಯ ಹಾದಿ ಹಿಡಿದಿರುತ್ತವೆ. ಟ್ರೇಲರ್‌ನ ಅಗಲಕ್ಕಿಂತ ಹೊರಗೆ ಚಾಚಿದ ಕಬ್ಬು ಕತ್ತಲಲ್ಲಿ ಕಾಣುವುದಿಲ್ಲ. ಅದಕ್ಕೆ ನಾವು ರಸ್ತೆಯ ಬಲಬದಿಗೆ, ವಾಹನಕ್ಕೆ ಎದುರಾಗಿ ಓಡುತ್ತಿದ್ದೆವು. ಗೆಳತಿ ಹಳೆಯ ಸೀರೆಯ ಹೊಳೆಯುವ ಜರಿಯಂಚನ್ನು ನಮ್ಮಿಬ್ಬರ ಸ್ವೆಟರಿಗೆ ಹೊಲಿದಿದ್ದಳು. ಕಬ್ಬು ಕಡಿಯುವ ಗ್ಯಾಂಗಿನ ಹೆಂಗಸರು ಗುಡಿಸಲ ಮುಂದೆ ಒಲೆ ಹಚ್ಚಿ ರೊಟ್ಟಿ ಬಡಿಯುತ್ತ ನಮ್ಮನ್ನು ನೋಡಿ ನಗುತ್ತಿದ್ದರು. ಹದಿನೈದು ದಿನ ಕಳೆದ ಮೇಲೆ ಅವರೇ ಕೈಬೀಸಲು ಶುರು ಮಾಡಿದರು.

ಬೂಟಿನದೂ ಒಂದು ಕಥೆ. ಕ್ಯಾನ್ವಾಸ್ ಬೂಟಿನಿಂದ ಹಿಮ್ಮಡಿ ಹಿಡಿಯಿತು. ಚರ್ಮದ ಚಪ್ಪಲಿಗೆ ಹೆಸರಾದ ಅಥಣಿ, ನಿಪ್ಪಾಣಿಗಳ ನೆರೆಯಲ್ಲಿದ್ದೂ, ಓಡುವ ಬೂಟಿಗಾಗಿ ಕೊಲ್ಹಾಪುರಕ್ಕೆ ಹೋದೆವು. ನಾನು ನನ್ನ ಸಂಬಳದಲ್ಲಿ ಎರಡು ಜೊತೆ ಕೊಳ್ಳಲು ಹೋದರೆ ಅವಳು ಒಪ್ಪಲಿಲ್ಲ. ತನ್ನ ಜೊತೆಯ ಹಣವನ್ನು ಏಳು ತಿಂಗಳ ಹಾಲಿನ ಲೆಕ್ಕದಲ್ಲಿ ಮುರಿಸಿಯೇ ಬಿಟ್ಟಳು.

ಒಂದು ನಿಮಿಷ ಐದಾಯಿತು, ಐದು ಹದಿನೈದಾಯಿತು. ಫೆಬ್ರುವರಿಯಲ್ಲಿ ನಿಲ್ಲದೆ ಐದು ಕಿಲೋಮೀಟರ್ ಓಡಿದೆ. ಗುಳಿಗೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ದೂರ ಓಡಿದರೆ ಸಕ್ಕರೆ ಒಮ್ಮೆಲೇ ಇಳಿಯಬಹುದೆಂದು ಡಾಕ್ಟರು ಎಚ್ಚರಿಸಿದ್ದರು. ಅದಕ್ಕೆ ಬೆಲ್ಲದ ಉಂಡೆ ಕಿಸೆಯಲ್ಲಿ ಇರುತ್ತಿತ್ತು. ಒಮ್ಮೆ ಕೈ ನಡುಗಿ ತಣ್ಣನೆ ಬೆವರು ಬಂದಾಗ ಆ ಬೆಲ್ಲವೇ ಕಾಪಾಡಿತು. ಈ ಕಾಯಿಲೆಯವರು ಡಾಕ್ಟರನ್ನು ಕೇಳದೆ ಓಡಲು ಇಳಿಯಬೇಡಿ.

ನಮ್ಮ ಓಟದ ಸುದ್ದಿ ಶಾಲೆಗೂ ಮುಟ್ಟಿತು. ಎಂಟನೆಯ ತರಗತಿಯ ಹುಡುಗಿಯೊಬ್ಬಳು, “ಟೀಚರ್, ಅರ್ಧ ಮ್ಯಾರಥಾನ್ 21.0975 ಕಿಲೋಮೀಟರ್ ಅಂತಾರಲ್ಲ, 21 ಅಂತ ಯಾಕಿಲ್ಲ?” ಎಂದು ಕೇಳಿದಳು. ಗಣಿತದ ಪಿರಿಯಡ್ಡಿನಲ್ಲಿ ಅದನ್ನೇ ಪಾಠ ಮಾಡಿದೆ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಟ ವಿಂಡ್ಸರ್ ಅರಮನೆಯಿಂದ ಶುರುವಾಗಿ, ಕ್ರೀಡಾಂಗಣದಲ್ಲಿ ರಾಜಮನೆತನದವರು ಕುಳಿತ ಜಾಗದ ಮುಂದೆ ಮುಗಿಯಿತು. ಆ ದೂರ 42.195 ಕಿಲೋಮೀಟರ್. 1921ರಲ್ಲಿ ಅದನ್ನೇ ಕಾಯಂ ಮಾಡಿದರು. ಅದರ ಅರ್ಧ ಎಷ್ಟು, ನೀವೇ ಹೇಳಿ ಎಂದೆ.

ಇನ್ನೊಂದು ಸಂಗತಿಯನ್ನೂ ಹೇಳಿದೆ. ನಮ್ಮ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಅವರು 1920ರಲ್ಲೇ ಬೆಲ್ಜಿಯಂ ದೇಶದ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿ 19ನೆಯವರಾಗಿ ಮುಗಿಸಿದ್ದರು. ಆ ಸಲದ ಹಾದಿ ಈಗಿನದಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು ಉದ್ದವಿತ್ತು. ಅವರಿಗೆ ಹಿಡಿದದ್ದು 2 ಗಂಟೆ 50 ನಿಮಿಷ ಚಿಲ್ಲರೆ. ಮಕ್ಕಳು ಬಾಯಿ ಬಿಟ್ಟು ಕೇಳಿದರು. ಒಬ್ಬ ಹುಡುಗ ಎದ್ದು, “ಟೀಚರ್, ನಮ್ಮ ಕಡೆ ಹೆಣ್ಮಕ್ಕಳು ಯಾರೂ ಓಡಿಲ್ಲೇನ್ರಿ?” ಎಂದ.

ಓಡಿದ್ದರು. ಒಬ್ಬಳನ್ನು ನಾನೇ ಬಲ್ಲೆ. ಆದರೆ ತರಗತಿಯಲ್ಲಿ ಆ ಕಥೆ ಹೇಳಲು ನನ್ನ ನಾಲಿಗೆ ಏಳಲಿಲ್ಲ.

ನಾವು ಎಂಟನೆಯ ತರಗತಿಯಲ್ಲಿದ್ದಾಗ ಗೆಳತಿ ತಾಲೂಕು ಕ್ರೀಡಾಕೂಟದ 1500 ಮೀಟರ್ ಓಟದಲ್ಲಿ ಮೊದಲು ಬಂದಿದ್ದಳು. ಬರಿಗಾಲಲ್ಲಿ, ಲಂಗ ಎತ್ತಿ ಕಟ್ಟಿಕೊಂಡು. ಮುಂದಿನದು ಬೆಳಗಾವಿಯಲ್ಲಿ ಜಿಲ್ಲಾ ಮಟ್ಟ, ಎರಡು ರಾತ್ರಿ ಅಲ್ಲೇ ಉಳಿಯಬೇಕು. ಅವಳ ಮನೆಯವರು, “ಒಬ್ಬಾಕಿನ್ನ ಹೆಂಗ ಕಳಸೂದು? ಜೋಡಿ ಒಬ್ಬಾಕಿ ಹುಡುಗಿ ಬಂದ್ರ ಕಳಸ್ತೀವಿ” ಎಂದರು. ಅವಳು ಓಡೋಡಿ ನನ್ನ ಬಳಿ ಬಂದಳು. ನಮ್ಮ ಮನೆಯಲ್ಲಿ ಹೂಂ ಅಂದಿದ್ದರು. ನಾನು ಮಾತ್ರ ಹೊರಡುವ ದಿನ ಹೊಟ್ಟೆನೋವೆಂದು ಹೊದ್ದು ಮಲಗಿದೆ.

ಹೊಟ್ಟೆ ನೋಯುತ್ತಿರಲಿಲ್ಲ. ಪ್ರಾರ್ಥನೆಯ ವೇಳೆ ಇಡೀ ಶಾಲೆ ಅವಳಿಗೆ ಚಪ್ಪಾಳೆ ತಟ್ಟಿದ್ದು ನನಗೆ ಸಹಿಸಿರಲಿಲ್ಲ. ತರಗತಿಗೆ ಮೊದಲಿಗಳಾದ ನನಗೆ ಅಂಥ ಚಪ್ಪಾಳೆ ಎಂದೂ ಸಿಕ್ಕಿರಲಿಲ್ಲ. ಅವಳು ಬೆಳಗಾವಿಗೆ ಹೋಗಲಿಲ್ಲ. ಮರುವರ್ಷ ಕ್ರೀಡಾಕೂಟಕ್ಕೂ ಹೆಸರು ಕೊಡಲಿಲ್ಲ. ಹದಿನೆಂಟಕ್ಕೆ ಲಗ್ನವಾಯಿತು.

ಮೂವತ್ತು ವರ್ಷ ಈ ಸುಳ್ಳು ನನ್ನೊಳಗೇ ಉಳಿದಿತ್ತು. ಈಗ ನಸುಕಿನಲ್ಲಿ ಅವಳು ನನ್ನ ಪಕ್ಕದಲ್ಲಿ ಓಡುವಾಗ ಅವಳ ಉಸಿರಿಗೆ ಏರಿಳಿತವೇ ಇರುತ್ತಿರಲಿಲ್ಲ. ಕೆಲವೊಮ್ಮೆ ತಡೆಯಲಾರದೆ ಮುಂದಿನ ಮೈಲಿಗಲ್ಲಿನವರೆಗೆ ಹೋಗಿ, ತಿರುಗಿ ಬಂದು, ನನ್ನನ್ನು ಸುತ್ತಿ ಮತ್ತೆ ಜೊತೆಗೂಡುತ್ತಿದ್ದಳು. ನನ್ನ ಕಾಲಿಗೆ ಅವಳು ತನ್ನ ಕಾಲು ಕಟ್ಟಿಹಾಕಿಕೊಂಡಿದ್ದಾಳೆ ಎಂದು ನನಗೆ ತಿಳಿಯುತ್ತಿತ್ತು. “ನೀ ಒಬ್ಬಾಕೇ ಓಡಿದ್ರ ಎಷ್ಟ ಚೊಲೊ ಓಡ್ತಿ” ಎಂದರೆ, “ನೀ ಬರ್ತಿ ಅಂತ ಮನ್ಯಾಗ ಬಿಟ್ಟಾರ. ಕತ್ತಲ್ಯಾಗ ಕಬ್ಬಿನ ಹೊಲದ ದಾರಿ, ಒಬ್ಬಾಕಿ ಹೆಂಗ ಹೋಗ್ಲಿ?” ಎಂದಳು. ಅವಳು ನನ್ನನ್ನು ಓಡಿಸುತ್ತಿದ್ದಾಳೆ ಎಂದು ನಾನು ತಿಳಿದಿದ್ದೆ. ಅವಳಿಗೆ ಓಡಲು ನಾನು ಬೇಕಾಗಿದ್ದೆ ಎಂಬುದು ಅಂದು ತಿಳಿಯಿತು.

ಆ ಸಂಜೆಯೇ ಮಗನಿಗೆ ಹೇಳಿ ಮೊಬೈಲ್‌ನಲ್ಲಿ ಸಾತಾರಾ ಹಿಲ್ ಹಾಫ್ ಮ್ಯಾರಥಾನ್‌ಗೆ ಇಬ್ಬರ ಹೆಸರು ಹಚ್ಚಿಸಿದೆ. ನಿಪ್ಪಾಣಿಯಿಂದ ಹೆದ್ದಾರಿ ಹಿಡಿದು ಕೊಲ್ಹಾಪುರ, ಕರಾಡ ದಾಟಿದರೆ ಸಾತಾರಾ. 2012ರಿಂದ ಅಲ್ಲಿ ಈ ಓಟ ನಡೆಯುತ್ತಿದೆ. ಊರೊಳಗಿನಿಂದ ಹೊರಟು ಯವತೇಶ್ವರ ಘಾಟ್ ಏರಿ, ಕಾಸ್ ಪ್ರಸ್ಥಭೂಮಿಯ ದಾರಿಯಲ್ಲಿ ಅರ್ಧ ಹೋಗಿ, ಅದೇ ದಾರಿಯಲ್ಲಿ ಇಳಿದು ಬರುವುದು. ಮೊದಲರ್ಧ ಏರು, ಉಳಿದರ್ಧ ಇಳಿಜಾರು. “ಎರಡ ರಾತ್ರಿ ಹೊರಗ ಇರಬೇಕು” ಎಂದಾಗ ಅವಳ ಅತ್ತೆ ಕೇಳಿದ್ದು ಹಳೆಯ ಪ್ರಶ್ನೆಯೇ. “ಜೋಡಿ ಯಾರದಾರ?”

“ನಾ ಅದೀನಿ” ಎಂದೆ. ನನ್ನ ದನಿ ಬೇಕಾದ್ದಕ್ಕಿಂತ ಜೋರಾಗಿಯೇ ಬಂತು.

2023ರ ಸೆಪ್ಟೆಂಬರ್. ಸಾತಾರಾದಲ್ಲಿ ಸಣ್ಣ ಜಿಟಿಜಿಟಿ ಮಳೆ. ಗಡಿಭಾಗದವರಿಗೆ ಅಲ್ಲೊಂದು ಇಲ್ಲೊಂದು ಬೀಗರ ಮನೆ ಇದ್ದೇ ಇರುತ್ತದೆ, ಅಂಥದೊಂದು ಮನೆಯಲ್ಲಿ ಉಳಿದಿದ್ದೆವು. ಬೆಳಿಗ್ಗೆ ಬಾಳೆಹಣ್ಣು ತಿಂದು, ಎದೆಗೆ ನಂಬರ್ ಚುಚ್ಚಿಕೊಂಡು, ಸಾವಿರಾರು ಜನರ ನಡುವೆ ನಿಂತೆವು. ಘಾಟ್ ಶುರುವಾದದ್ದೇ ನನ್ನ ತೊಡೆ ಉರಿಯತೊಡಗಿತು. ದಾರಿಯ ಬದಿಯಲ್ಲಿ ಡೋಲು, ತಾಶೆ. ಊರ ಮಕ್ಕಳು “ಚಲಾ ತಾಈ, ಚಲಾ!” ಎಂದು ಕೂಗುತ್ತಿದ್ದರು. ಮರಾಠಿಯಲ್ಲಿ ತಾಈ ಎಂದರೆ ಅಕ್ಕ. ನಮ್ಮ ಕಿವಿಗೆ ಅದು ‘ತಾಯಿ’ ಎಂದೇ ಕೇಳಿ ಇನ್ನಷ್ಟು ಕಳೆ ಬಂತು. ಏರು ಕಡಿದಾದಲ್ಲಿ ನಡೆದೆವು, ಸಮವಾದಲ್ಲಿ ಓಡಿದೆವು. ಗೆಳತಿ ನನ್ನ ಮಗ್ಗುಲು ಬಿಡಲಿಲ್ಲ. “ಆ ತಿರುವಿನ ತನಕ... ಆ ಕಲ್ಲಿನ ತನಕ...” ಎನ್ನುತ್ತ ಹತ್ತು ಕಿಲೋಮೀಟರನ್ನು ಚೂರು ಚೂರು ಮಾಡಿ ಉಣ್ಣಿಸಿದಳು.

ಮಂಜು ಕವಿದ ತಿರುಗುವ ಜಾಗಕ್ಕೆ ಬಂದಾಗ ಗಡಿಯಾರ 1 ಗಂಟೆ 39 ನಿಮಿಷ ತೋರಿಸುತ್ತಿತ್ತು. ಇನ್ನು ಇಳಿಜಾರು. ನಾನು ಬೆಲ್ಲ ಬಾಯಿಗೆ ಹಾಕಿಕೊಂಡು ಅಂದೆ. “ಇನ್ನ ನೀ ಹೋಗು.”

“ಏ, ಹೆಂಗ ಬಿಟ್ಟ ಹೋಗ್ಲಿ?”

“ಇಲ್ಲಿ ಕಬ್ಬಿಲ್ಲ, ಕತ್ತಲಿಲ್ಲ. ಬೇಕಾದಷ್ಟ ಜೋಡಿ ಅದಾರ. ನಾ ಬರ್ತೀನಿ. ನೀ ಹೋಗವಾ.”

ಅವಳು ನನ್ನ ಮುಖವನ್ನೇ ನೋಡಿದಳು. ಕೈಗೆ ಹಚ್ಚಿ ನೋಡಿದಳು, ನಡುಗುತ್ತಿಲ್ಲ ತಾನೇ ಎಂದು. ಆಮೇಲೆ ಹೊರಟಳು. ಹತ್ತು ತಿಂಗಳಲ್ಲಿ ಮೊದಲ ಸಲ ನಾನು ಅವಳ ಬೆನ್ನು ನೋಡಿದ್ದು. ಎಂಟನೆಯ ತರಗತಿಯ ಅದೇ ಓಟ, ಮೊಣಕೈ ಮೈಗಂಟಿಸಿಕೊಂಡು, ಕತ್ತು ತುಸು ಎಡಕ್ಕೆ ವಾಲಿಸಿ. ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ ಮಂಜಿನಲ್ಲಿ ಮರೆಯಾದಳು. ನನ್ನ ಕಣ್ಣು ತುಂಬಿ ಬಂದು ರಸ್ತೆ ಕಾಣದಾಯಿತು. ಪಕ್ಕದಲ್ಲಿ ಓಡುತ್ತಿದ್ದ ಅಜ್ಜನೊಬ್ಬ, ಕಾಲು ನೋವೇನೋ ಎಂದುಕೊಂಡು ನೋವಿನ ಸ್ಪ್ರೇ ಕೊಡಲು ಬಂದ!

ಕೊನೆಯ ಐದು ಕಿಲೋಮೀಟರ್ ನನಗೆ ಬಹಳ ಉದ್ದವಾಯಿತು. ಇಳಿಜಾರು ಸುಲಭ ಅನ್ನುವುದು ಸುಳ್ಳು, ಮೊಣಕಾಲಿಗೆ ಅದರ ಲೆಕ್ಕವೇ ಬೇರೆ. “ಆ ಕಂಬದ ತನಕ, ಆ ಅಂಗಡಿ ತನಕ” ಎಂದು ಅವಳ ದನಿಯಲ್ಲಿ ನನಗೆ ನಾನೇ ಹೇಳಿಕೊಳ್ಳುತ್ತ ಬಂದೆ. ಮುಗಿಸಿದ್ದು 3 ಗಂಟೆ 4 ನಿಮಿಷಕ್ಕೆ. ಗೆರೆಯಾಚೆ ಕೊರಳಲ್ಲಿ ಪದಕ ಹಾಕಿಕೊಂಡು, ಕೈಯಲ್ಲಿ ನನ್ನ ಪಾಲಿನ ನೀರಿನ ಬಾಟಲಿ ಹಿಡಿದು ಅವಳು ನಿಂತಿದ್ದಳು. ಅವಳ ಸಮಯ 2 ಗಂಟೆ 41 ನಿಮಿಷ.

ಮರಳುವ ಬಸ್ಸಿನಲ್ಲಿ, ಕೊಲ್ಹಾಪುರ ದಾಟಿದ ಮೇಲೆ, ಕೊನೆಗೂ ಬಾಯಿ ಬಿಟ್ಟೆ. “ಅವತ್ತ ಬೆಳಗಾವಿಗೆ ಹೋಗೂ ದಿನ... ನನಗ ಹೊಟ್ಟಿ ನೂಸಿದ್ದಿಲ್ಲ.”

ಅವಳು ಕಿಟಕಿಯ ಹೊರಗೆ ನೋಡುತ್ತಲೇ ಇದ್ದಳು. “ಗೊತ್ತಿತ್ತವಾ. ಅವತ್ತ ಸಂಜೀಕ ನಿಮ್ಮ ಮನಿ ಮುಂದ ಹಾದೆ. ನೀ ಕಟ್ಟಿ ಮ್ಯಾಲ ಕುಂತ ಶೇಂಗಾ ತಿನ್ನಾತಿದ್ದಿ.”

“ಮತ್ತ ಇಷ್ಟ ವರ್ಷ ಅನ್ನಲೇ ಇಲ್ಲಲ್ಲ? ಮತ್ತ ನನ್ನನ್ನ ಯಾಕ ಕರದಿ ಓಡಾಕ?”

“ಎಷ್ಟೋ ವರ್ಷ ಸಿಟ್ಟಿತ್ತು. ಪ್ರವಾಹದಾಗ ನಾವು ಬಂದ ರಾತ್ರಿ, ನೀ ಏನೂ ಕೇಳದ ಅನ್ನಕ್ಕಿಟ್ಟಿ. ಅವತ್ತ ಹೋತು.” ಬಸ್ಸು ನಿಪ್ಪಾಣಿಗೆ ಬಂದಿತ್ತು. ತಂಬಾಕಿನ ಗಮಲು ಕಿಟಕಿಯಿಂದ ಒಳಗೆ ಬಂತು. ಅವಳು ಚೀಲ ಹೆಗಲಿಗೇರಿಸಿ ಎದ್ದಳು. “ಇಳೀ, ಚಿಕ್ಕೋಡಿ ಬಸ್ಸ ನಿಂತೇತಿ. ಓಡು!”

ನೋಯುವ ಕಾಲೆಳೆದುಕೊಂಡು ಇಬ್ಬರೂ ಓಡಿದೆವು.

ಈಗ ನನ್ನ ಎಚ್‌ಬಿಎ1ಸಿ 6.8. ಗುಳಿಗೆ ಬಿಟ್ಟಿಲ್ಲ, ಓಟವನ್ನೂ ಬಿಟ್ಟಿಲ್ಲ. ಈ ವರ್ಷ ನಮ್ಮ ಶಾಲೆಯ ಹುಡುಗಿಯೊಬ್ಬಳು ಓಟದಲ್ಲಿ ಜಿಲ್ಲಾ ಮಟ್ಟಕ್ಕೆ ಆಯ್ಕೆಯಾದಳು. ಜೋಡಿ ಯಾರಿದ್ದಾರೆ ಎಂದು ಅವಳ ಅಪ್ಪ ಶಾಲೆಗೆ ಬಂದು ಕೇಳಿದರು. ಗಣಿತ ಟೀಚರ್ ಬರುತ್ತಾರೆ ಎಂದು ನಾನೇ ಉತ್ತರ ಕೊಟ್ಟೆ.